ಖಾಲಿ ಮಾಡುವುದು ಬೇರೆ, ಒಕ್ಕಲೆಬ್ಬಿಸುವುದು ಬೇರೆ



ಈ ಸಲ ಓದುಗರೊಬ್ಬರು ಕೇಳಿದ್ದಾರೆ: “ಗಂಡನ ಮನೆಯವರ ವಕೀಲರು ಕಳಿಸಿದ ಕಾಗದದಲ್ಲಿ ‘ಇವಿಕ್ಟ್’ ಅನ್ನೋ ಪದ ಇದೆ. ಮನೆ ಖಾಲಿ ಮಾಡು ಅಂತಲೇ ತಾನೇ ಅರ್ಥ?”

ಅಲ್ಲ ಕಣ್ರೀ, ಎರಡಕ್ಕೂ ಬಹಳ ವ್ಯತ್ಯಾಸ ಇದೆ. ನಾವೇ ಸಾಮಾನು ಕಟ್ಟಿಕೊಂಡು ಮನೆ ಬಿಟ್ಟರೆ ಅದು ‘ವೆಕೇಟ್’. ಬಿಡುವವರು ನಾವು, ಬಿಡುವುದು ಮನೆಯನ್ನು. ‘ಇವಿಕ್ಟ್’ ಮಾಡುವವರು ಇನ್ನೊಬ್ಬರು, ಹೊರಗಾಗುವವರು ನಾವು. ಆದ್ದರಿಂದ ‘ಮನೆಯನ್ನು ಇವಿಕ್ಟ್ ಮಾಡಿದೆ’ ಅನ್ನುವುದು ತಪ್ಪು. ‘ಬಾಡಿಗೆಯವರನ್ನು ಮನೆಯಿಂದ ಇವಿಕ್ಟ್ ಮಾಡಿದರು’ ಅನ್ನುವುದು ಸರಿ.

ಇದರ ಅಕ್ಕತಂಗಿಯರೂ ಇದ್ದಾರೆ. ಶಾಲೆಯಿಂದಲೋ ಪಕ್ಷದಿಂದಲೋ ತೆಗೆದುಹಾಕಿದರೆ ‘ಎಕ್ಸ್‌ಪೆಲ್’. ಕುರ್ಚಿಯಿಂದ ಇಳಿಸಿದರೆ ‘ಔಸ್ಟ್’. ಗುಂಡಿ ಒತ್ತಿದಾಗ ಟೇಪ್ ರೆಕಾರ್ಡರ್ ಕ್ಯಾಸೆಟ್ಟನ್ನು ಹೊರಗೆ ತಳ್ಳುತ್ತಿತ್ತಲ್ಲ, ಅದು ‘ಇಜೆಕ್ಟ್’. ಮನೆ, ಜಮೀನಿನ ವಿಷಯಕ್ಕೆ ಮಾತ್ರ ಸಾಮಾನ್ಯವಾಗಿ ‘ಇವಿಕ್ಟ್’.

ಲ್ಯಾಟಿನ್ನಿನಲ್ಲಿ ಈ ಪದದ ಬೇರಿನ ಅರ್ಥ ‘ಪೂರ್ತಿ ಗೆಲ್ಲು’. ‘ವಿಕ್ಟರಿ’ಯೂ ಅದೇ ಬೇರಿನದು. ನ್ಯಾಯಾಲಯದಲ್ಲಿ ಗೆದ್ದು ಆಸ್ತಿ ಬಿಡಿಸಿಕೊಳ್ಳುವುದು ಇಂಗ್ಲಿಷಿನಲ್ಲಿ ಇದರ ಹಳೆಯ ಅರ್ಥ. ಅಂದರೆ ಕಾನೂನು ಪದದ ಹೊಟ್ಟೆಯಲ್ಲೇ ಇದೆ! ಬಾಗಿಲಲ್ಲಿ ನಿಂತು ಕೂಗಾಡಿದ ಮಾತ್ರಕ್ಕೆ ಇವಿಕ್ಟ್ ಆಗೋದಿಲ್ಲ.

ನಮ್ಮ ಕನ್ನಡದ ಪದ ‘ಒಕ್ಕಲೆಬ್ಬಿಸು’. ಹೊಸ ಮನೆಯಲ್ಲಿ ಹಾಲುಕ್ಕಿಸಿ ‘ಮನೆ ಒಕ್ಕಲು’ ಮಾಡ್ತೀವಲ್ಲ, ಅದೇ ಒಕ್ಕಲು. ಬೇರೂರಿ ಬಾಳಿದವರನ್ನು ಎಬ್ಬಿಸಿ ಕಳಿಸುವುದು. ಎಷ್ಟು ನೋವಿನ ಮಾತು ನೋಡಿ.

ಈಗ ನಿಮ್ಮ ಕಾಗದಕ್ಕೆ ಬರೋಣ. ಮಹಿಳೆಯರನ್ನು ಕೌಟುಂಬಿಕ ಹಿಂಸೆಯಿಂದ ರಕ್ಷಿಸುವ 2005ರ ಕಾಯ್ದೆಯ 17ನೇ ಕಲಮಿನಲ್ಲಿ ಇದೇ ಪದ ಇದೆ. ಕೂಡಿ ಬಾಳಿದ ಮನೆಯಿಂದ ಆಕೆಯನ್ನು ಕಾನೂನಿನ ಕ್ರಮ ಬಿಟ್ಟು ಇವಿಕ್ಟ್ ಮಾಡಬಾರದು, ಮನೆಯ ಯಾವ ಭಾಗದಿಂದಲೂ ದೂರ ಇಡಬಾರದು ಅನ್ನುತ್ತದೆ. ಹಿಂಸೆಗೊಳಗಾದವಳಿಗೆ ಅಡಿಗೆಮನೆಗೆ ಬೀಗ ಹಾಕಿದರೂ ಪ್ರಶ್ನಿಸಬಹುದು ಅಂತಾಯಿತು. ಮನೆಪತ್ರದಲ್ಲಿ ಆಕೆಯ ಹೆಸರು ಇರಬೇಕೆಂದಿಲ್ಲ. ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕು ಇರಬಹುದೆಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಡಿಸೆಂಬರಿನಲ್ಲಿ ಬೆಂಗಳೂರಿನ ಸೊಸೆಯೊಬ್ಬರ ಪ್ರಕರಣ ಬಂತು. ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಆಕೆಯನ್ನು ಒಕ್ಕಲೆಬ್ಬಿಸಲು ಆಗಿದ್ದ ಆದೇಶವನ್ನು ಕೋರ್ಟು ರದ್ದು ಮಾಡಿತು.

ಹಾಗಂತ ಮನೆಯೇ ನಿಮ್ಮದಾಯಿತು ಅಂತಲ್ಲ. ಇದು ವಾಸದ ಹಕ್ಕು, ಒಡೆತನವಲ್ಲ. ವಯಸ್ಸಾದವರಿಗೂ ನೆಮ್ಮದಿ ಬೇಕಲ್ಲವೇ? ಎರಡೂ ಕಡೆ ತೂಗಿ, ಸೊಸೆಗೆ ಬೇರೆ ವಸತಿ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕೆ ಉಂಟು. ಆದರೆ ತೂಗಬೇಕಾದದ್ದು ನ್ಯಾಯಾಲಯ, ಬೀದಿಬಾಗಿಲಲ್ಲ.

ವಕೀಲರ ನೋಟೀಸು ಕೋರ್ಟಿನ ಆದೇಶವಲ್ಲ. ಹೆದರಬೇಡಿ, ಆದರೆ ಉದಾಸೀನವನ್ನೂ ಮಾಡಬೇಡಿ. ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಆ ಕಾಗದ ತೋರಿಸಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಅರ್ಹತೆ ಇದೆ. ಮಹಿಳಾ ಸಹಾಯವಾಣಿ 181.

ಕೊನೆಗೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ‘ಸ್ವಇಚ್ಛೆಯಿಂದ ವೆಕೇಟ್ ಮಾಡುತ್ತೇನೆ’ ಅಂತ ಬರೆದ ಕಾಗದಕ್ಕೆ ಯಾರ ಒತ್ತಾಯಕ್ಕೂ ಸಹಿ ಹಾಕಬೇಡಿ. ಅವರು ನಿಮ್ಮನ್ನು ಹೊರಗೆ ಹಾಕಿದ್ದು ಆ ಒಂದು ಪದದಿಂದ ನೀವಾಗಿಯೇ ಹೊರಟಂತೆ ಆಗಿಬಿಡುತ್ತದೆ. ಸಹಿಗೆ ಮೊದಲು ಅರ್ಥ ಕೇಳಿ. ಅದು ನಾಚಿಕೆಯಲ್ಲ, ಜಾಣತನ.