ಗೇಣಿಗೂ ಕಿರಿದಾದ ಟ್ಯಾಂಕು
ಹಾಸನದಿಂದ ಬೇಲೂರಿಗೆ ಹೋಗುವಾಗ ಹಳೇಬೀಡಿನ ದಾರಿ ಕವಲೊಡೆಯುವ ಊರು ಹಗರೆ. ಅಲ್ಲಿನ ಮನೆಯ ಪಡಸಾಲೆಯಲ್ಲಿ ಕೂತು ಇಟಲಿಯ ಎಂ13/40 ಟ್ಯಾಂಕನ್ನು ಜೋಡಿಸುತ್ತಿದ್ದೇನೆ. ಜಪಾನಿನ ತಮಿಯಾ ಕಂಪನಿಯ ಪ್ಲಾಸ್ಟಿಕ್ ಕಿಟ್, ಅಳತೆ 1:35. ಐದು ಮೀಟರಿಗೆ ತುಸು ಕಡಿಮೆ ಉದ್ದವಿದ್ದ, 47 ಮಿ.ಮೀ. ಫಿರಂಗಿಯ ಉಕ್ಕಿನ ಗಾಡಿ ಇಲ್ಲಿ 14 ಸೆಂಟಿಮೀಟರ್, ಗೇಣಿಗೂ ಕಿರಿದು. ನನ್ನ ಕಣ್ಣೆಲ್ಲ ಅದರ ರಿವೆಟ್‌ಗಳ ಮೇಲೆ. ಕವಚದ ಹಲಗೆಗಳನ್ನು ವೆಲ್ಡಿಂಗ್ ಮಾಡದೆ ರಿವೆಟ್ ಹೊಡೆದು ಕೂಡಿಸಿದ್ದರು. ಗುಂಡು ತಾಗಿದರೆ ಆ ರಿವೆಟ್‌ಗಳೇ ಕಿತ್ತು ಒಳಗಿದ್ದ ನಾಲ್ವರ ಮೇಲೆ ಹಾರುವ ಅಪಾಯವಿತ್ತು. ಅದಕ್ಕೇ ಉಪ್ಪುಕಾಗದ ಉಜ್ಜುವಾಗ ಒಂದು ರಿವೆಟ್ಟಿನ ತಲೆಯೂ ಸವೆಯದಂತೆ ಕಾಯುತ್ತೇನೆ. ಅದು ಆ ನಾಲ್ವರಿಗೆ ಸಲ್ಲಬೇಕಾದ ನಿಷ್ಠೆ. ಈ ಟ್ಯಾಂಕು ಕಾದಾಡಿದ ಎರಡನೇ ಮಹಾಯುದ್ಧ ನಮಗೆ ದೂರದ್ದೂ ಅಲ್ಲ. 1940ರ ಡಿಸೆಂಬರ್ 9ರಂದು ಈಜಿಪ್ಟಿನ ನಿಬೈವಾ ಶಿಬಿರದಲ್ಲಿ ಇದರ ಹಿಂದಿನ ಮಾದರಿಯಾದ ಎಂ11/39 ಟ್ಯಾಂಕುಗಳು ನಾಶವಾದ ದಾಳಿಯಲ್ಲಿ ಭಾರತದ ನಾಲ್ಕನೇ ಡಿವಿಷನ್ ಇತ್ತು. ಆಫ್ರಿಕಾದಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ನರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇರಿಸಿದ್ದರು. ಇನ್ನು ದೊಡ್ಡದನ್ನು ಕಿರಿದಾಗಿಸಿ ಕಾಪಾಡುವ ಕೆಲಸ, ಅದು ಈ ಸೀಮೆಯಲ್ಲಿ ಹೊಯ್ಸಳರ ಕಾಲದ್ದು. ಬೇಲೂರಿನ ಚೆನ್ನಕೇಶವ ಗುಡಿಯ ಮೆಟ್ಟಿಲುಗಳ ಇಕ್ಕೆಲಗಳಲ್ಲಿ ಶಿಖರ ಸಮೇತ ಪುಟ್ಟ ಗುಡಿಗಳು ನಿಂತಿವೆ. ದೊಡ್ಡ ಗುಡಿಯ ಶಿಖರ ಈಗಿಲ್ಲ. ಅದು ಹೇಗಿದ್ದಿರಬಹುದು ಎಂದು ಊಹಿಸಲು ಈ ಕಲ್ಲಿನ ಮಾದರಿಗಳೇ ಆಧಾರ. ಮುಂದಿನ ಸಲ ಬೇಲೂರಿಗೆ ಹೋದಾಗ ಮೆಟ್ಟಿಲೇರುವ ಮುನ್ನ ಅವುಗಳ ಎದುರು ಹತ್ತು ನಿಮಿಷ ನಿಲ್ಲಿ.