ಮನೆಯಲ್ಲೇ ಆಮ್ಲಜನಕ ಪಡೆಯುವ ಶ್ವಾಸಕೋಶ ರೋಗಿಗಳ ಪರವಾಗಿ ಮನವಿ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ:
ಮನೆಯಲ್ಲಿ ಆಮ್ಲಜನಕ ಚಿಕಿತ್ಸೆ ಪಡೆಯುತ್ತಿರುವ ತಂದೆತಾಯಂದಿರ ಮಕ್ಕಳು,
ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.

ವಿಷಯ: ಆಕ್ಸಿಜನ್ ಕಾನ್ಸಂಟ್ರೇಟರ್ ಬಳಸುವ ಮನೆಗಳಿಗೆ ವಿದ್ಯುತ್ ರಿಯಾಯಿತಿ, ಯಂತ್ರ ಹಾಗೂ ತರಬೇತಿ ಒದಗಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ತಾಯಂದಿರಲ್ಲಿ ಹೆಚ್ಚಿನವರು ಬೀಡಿ, ಸಿಗರೇಟು ಮುಟ್ಟಿದವರಲ್ಲ. ಸೌದೆ ಒಲೆಯ ಮುಂದೆ ಆಯುಷ್ಯ ಕಳೆದವರು. ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಮಲೆನಾಡಿನ ಬಚ್ಚಲ ಹಂಡೆಯ ಒಲೆ ಆರಿಲ್ಲ. ದಮ್ಮು ಎಂದು ವರ್ಷಗಟ್ಟಲೆ ಕಷಾಯ ಕುಡಿದು, ಕೊನೆಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಎಂದು ಪತ್ತೆಯಾಗುವ ಹೊತ್ತಿಗೆ ಶ್ವಾಸಕೋಶ ಬಹುಪಾಲು ಸೋತಿರುತ್ತದೆ.

ಸುಮ್ಮನೆ ಕೂತಾಗಲೂ ರಕ್ತದ ಆಮ್ಲಜನಕ ಶೇ 88 ದಾಟದವರಿಗೆ ವೈದ್ಯರು ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಬರೆದುಕೊಡುತ್ತಾರೆ. ಇದರಿಂದ ಆಯುಷ್ಯ ಹೆಚ್ಚುತ್ತದೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಅಮೆರಿಕ ಹಾಗೂ ಬ್ರಿಟನ್ನಿನ ಎರಡು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರ ಅನುಕೂಲದ ವಸ್ತುವಲ್ಲ, ಔಷಧ. ಆದರೂ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಮುಖ್ಯವಾಗಿ ಆಸ್ಪತ್ರೆಯೊಳಗಿನ ಚಿಕಿತ್ಸೆಗೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ದಿನದಿಂದ ಯಂತ್ರ, ಕರೆಂಟು, ಆರೈಕೆ ಎಲ್ಲವೂ ಮನೆಯವರ ತಲೆಯ ಮೇಲೆಯೇ.

ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ ಕರೆಂಟಿನದು. ಐದು ಲೀಟರಿನ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. 15 ಗಂಟೆ ಓಡಿದರೆ ದಿನಕ್ಕೆ 5 ಯೂನಿಟ್‌ಗೂ ಮಿಕ್ಕಿ, ತಿಂಗಳಿಗೆ 150ಕ್ಕೂ ಹೆಚ್ಚು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಯ ಮಿತಿ ನಿಗದಿಯಾದದ್ದು 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ. ಆಗ ತಿಂಗಳಿಗೆ 60 ಯೂನಿಟ್ ಬಳಸುತ್ತಿದ್ದ ಮನೆಗೆ 66 ಯೂನಿಟ್ ಉಚಿತ. ಆಮೇಲೆ ಅದೇ ಮನೆಗೆ ಕಾನ್ಸಂಟ್ರೇಟರ್ ಬಂದರೆ ಬಳಕೆ ಯೋಜನೆಯ ಮೇಲ್ಮಿತಿಯಾದ 200 ಯೂನಿಟ್ ದಾಟುತ್ತದೆ, ಆಗ ಆ ತಿಂಗಳ ಇಡೀ ಬಿಲ್ಲು ಕಟ್ಟಬೇಕಾಗುತ್ತದೆ. ಬಿಲ್ಲಿಗೆ ಹೆದರಿ ಮಗ ಯಂತ್ರವನ್ನು ಎಂಟು ಗಂಟೆಗೆ ಇಳಿಸುತ್ತಾನೆ. "ಈಗ ಪರವಾಗಿಲ್ಲ ಮಗಾ, ಆಫ್ ಮಾಡು" ಎಂದು ಅಮ್ಮನೇ ಹೇಳುವುದೂ ಉಂಟು. ಸರ್ಕಾರಿ ವೈದ್ಯರ ಚೀಟಿ ಇರುವ ಮನೆಗಳಲ್ಲಿ ಈ ಯಂತ್ರದ ಬಳಕೆಯನ್ನು ಗೃಹಜ್ಯೋತಿಯ ಲೆಕ್ಕದಿಂದ ಹೊರಗಿಟ್ಟು ಉಚಿತಗೊಳಿಸಲು ಇಂಧನ ಇಲಾಖೆಯೊಂದಿಗೆ ಮಾತಾಡಿ ಆದೇಶ ಹೊರಡಿಸಬೇಕು.

ಕರೆಂಟು ಇದ್ದಾಗಿನ ಮಾತಾಯಿತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ರಾತ್ರಿಯೆಲ್ಲ ಕತ್ತಲು. ಸುರಿಯುವ ಮಳೆಯಲ್ಲೇ ಕಂಬ ಹತ್ತುವ ಲೈನ್‌ಮನ್‌ಗಳ ಮೇಲೆ ನಮ್ಮ ದೂರಿಲ್ಲ. ಆದರೆ ಮನೆಯ ಇನ್ವರ್ಟರ್ ಈ ಯಂತ್ರವನ್ನು ನಾಲ್ಕು ಗಂಟೆ ಎಳೆದರೆ ಹೆಚ್ಚು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂಥ ಮನೆಗಳಿಗೆಂದೇ ತುಂಬಿದ ಬಿ-ಟೈಪ್ ಸಿಲಿಂಡರ್‌ಗಳನ್ನು ರೆಗ್ಯುಲೇಟರ್ ಸಮೇತ ಇಡಬೇಕು. ನಿಮಿಷಕ್ಕೆ 2 ಲೀಟರಿನಂತೆ ಒಂದು ಸಿಲಿಂಡರ್ ಸುಮಾರು 12 ಗಂಟೆ ಬರುತ್ತದೆ. ಯಾವ ಮನೆಯಲ್ಲಿ ಆಮ್ಲಜನಕದ ರೋಗಿ ಇದ್ದಾರೆ ಎಂಬ ಪಟ್ಟಿ ವಿದ್ಯುತ್ ಶಾಖಾ ಕಚೇರಿಯ ಗೋಡೆಯ ಮೇಲಿರಲಿ.

ಯಂತ್ರಗಳನ್ನು ಹೊಸದಾಗಿಯೇ ಕೊಳ್ಳಬೇಕೆಂದಿಲ್ಲ. ಕೋವಿಡ್ ಹೊತ್ತಿನಲ್ಲಿ, 2021ರ ಏಪ್ರಿಲ್‌ನಲ್ಲಿ, ಪಿಎಂ ಕೇರ್ಸ್ ನಿಧಿಯಿಂದ ದೇಶಕ್ಕೆ 1 ಲಕ್ಷ ಕಾನ್ಸಂಟ್ರೇಟರ್ ಖರೀದಿಗೆ ಒಪ್ಪಿಗೆ ಸಿಕ್ಕಿತು, ದಾನಿಗಳೂ ಕೊಟ್ಟರು. ಓಡಿಸದೆ ಇಟ್ಟರೆ ಯಂತ್ರದೊಳಗೆ ಸಾರಜನಕ ಹೀರುವ ಜಿಯೋಲೈಟ್ ಹರಳು ತೇವ ಹೀರಿ ಕೆಡುತ್ತದೆ. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿರುವ ಯಂತ್ರಗಳ ಲೆಕ್ಕ ತೆಗೆದು, ಬಳಕೆಯಲ್ಲಿಲ್ಲದವನ್ನು ಸರ್ವಿಸ್ ಮಾಡಿಸಿ, ಬಿಪಿಎಲ್ ಕುಟುಂಬಗಳಿಗೆ ಎರವಲು ಕೊಡಬೇಕು.

ಇನ್ನು ತರಬೇತಿ. ಅಪ್ಪ ಏದುಸಿರು ಬಿಡುವಾಗ ಗುಂಡಿ ತಿರುಗಿಸಿ ಆಮ್ಲಜನಕ ಏರಿಸುವುದು ಮಕ್ಕಳ ಸಹಜ ಬುದ್ಧಿ. ಅದೇ ಅಪಾಯ. ಈ ರೋಗಿಗಳಲ್ಲಿ ರಕ್ತದ ಆಮ್ಲಜನಕವನ್ನು ಸಾಮಾನ್ಯವಾಗಿ ಶೇ 88ರಿಂದ 92ರೊಳಗೆ ನಿಲ್ಲಿಸಬೇಕು. ಹೆಚ್ಚಾದರೆ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಮಂಪರು ಕವಿದು ಪ್ರಜ್ಞೆಯೇ ತಪ್ಪಬಹುದು. ಇದನ್ನು ಡಿಸ್ಚಾರ್ಜ್ ಚೀಟಿಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಸಾಲದು. ಯಂತ್ರದ ಹತ್ತಿರ ಬೀಡಿ, ಒಲೆ, ದೇವರ ದೀಪ ಇರಬಾರದೆಂದೂ, ಫಿಲ್ಟರ್ ತೊಳೆಯುವುದು ಹೇಗೆಂದೂ ಕೈಹಿಡಿದು ಕಲಿಸಬೇಕು. ಊದುಗೊಳವೆ ಹಿಡಿದಂತೆ ತುಟಿ ಕಿರಿದಾಗಿಸಿ, ಬಲ ಹಾಕದೆ ನಿಧಾನ ಉಸಿರು ಬಿಡುವ ಅಭ್ಯಾಸಕ್ಕೆ ಖರ್ಚೇ ಇಲ್ಲ, ಹೇಳಿಕೊಡುವವರು ಬೇಕಷ್ಟೆ. ತಾಲ್ಲೂಕು ಆಸ್ಪತ್ರೆಗೊಬ್ಬರು ಫಿಸಿಯೋಥೆರಪಿಸ್ಟ್ ವಾರಕ್ಕೊಂದು ದಿನ ಇದಕ್ಕೆ ಸಿಗಲಿ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಡಿ ಬಿಪಿ, ಶುಗರ್ ನೋಡಲು ಮನೆಗೆ ಬರುವವರು ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಲು ಎರಡು ನಿಮಿಷ ಸಾಕು.

ಕೊನೆಯದಾಗಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಶ್ವಾಸಕೋಶದ ಕಾಯಿಲೆ ಇಲ್ಲ. ಸೇರಿಸುವಂತೆ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಲಿ.

ಎಲ್ಲವೂ ಒಮ್ಮೆಲೇ ಆಗದೆಂದು ಬಲ್ಲೆವು. ಆದಕಾರಣ ವಿದ್ಯುತ್ ರಿಯಾಯಿತಿ ಮತ್ತು ಸಿಲಿಂಡರ್ ಕುರಿತ ಆದೇಶವನ್ನಾದರೂ ಬರುವ ಮುಂಗಾರಿಗೆ ಮೊದಲು ಹೊರಡಿಸಬೇಕೆಂದು ವಿನಮ್ರವಾಗಿ ಕೋರುತ್ತೇವೆ.

ಲಗತ್ತು: ವೈದ್ಯರ ಚೀಟಿ ಮತ್ತು ವಿದ್ಯುತ್ ಬಿಲ್ಲುಗಳ ನಕಲು.
ಪ್ರತಿ: ಇಂಧನ ಇಲಾಖೆ, ಬೆಂಗಳೂರು, ಜಿಲ್ಲಾಧಿಕಾರಿಗಳು, ಶಿವಮೊಗ್ಗ.

ಸ್ಥಳ: ತೀರ್ಥಹಳ್ಳಿ
ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದ ಕುಟುಂಬ ಸದಸ್ಯರು)