ಹಳೆ ಬೈಕು ಕೊಳ್ಳುವವರು ಎಂಜಿನ್ನಿನ ಕಾಲವನ್ನೂ ಕೇಳಲಿ



ಕುಯ್ಲಿನ ಹಣ ಕೈಗೆ ಬಂದ ತಿಂಗಳಲ್ಲಿ ಸಂಘದ ಗೋದಾಮಿನ ಮುಂದೆ ಬೈಕುಗಳ ಸಂಖ್ಯೆ ಹೆಚ್ಚುವುದು ಪ್ರತಿವರ್ಷದ ನೋಟ. ಅವುಗಳಲ್ಲಿ ಷೋರೂಮಿನಿಂದ ಬಂದವು ಕಡಿಮೆ, ಕೈ ಬದಲಾಗಿ ಬಂದವೇ ಹೆಚ್ಚು. ಎರಡು ಮೂರು ಎಕರೆಯ ತೋಟದವರಿಗೆ ಅದೇ ಸರಿಯಾದ ದಾರಿ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಕೊಳ್ಳುವಾಗ ನಮ್ಮವರು ನೋಡುವುದು ಟೈರು, ಬಣ್ಣ ಮತ್ತು ಮೀಟರು. ಎಂಜಿನ್ನು ಯಾವ ಕಾಲದ್ದು, ಯಾವ ನೆಲದಲ್ಲಿ ಓಡಿದ್ದು ಎಂದು ವಿಚಾರಿಸುವವರು ವಿರಳ.

ನಮ್ಮ ಸದಸ್ಯರೊಬ್ಬರಿಗೆ ಆದದ್ದನ್ನು ಹೇಳುತ್ತೇವೆ. ಅವರ ತೋಟಕ್ಕೆ ಹಣ್ಣು ಕುಯ್ಯಲು ವಿಜಯಪುರ ಜಿಲ್ಲೆಯಿಂದ ಬಂದ ಕೆಲಸಗಾರರ ಮೂಲಕ ಭೀಮಾ ತೀರದ ದೇವಣಗಾಂವದಲ್ಲಿದ್ದ ನೂರು ಸಿ.ಸಿ.ಯ ಬೈಕೊಂದು ಅಗ್ಗದ ಬೆಲೆಗೆ ಸಿಕ್ಕಿತು. ಮಾರಿದವರು ಫೋನಿನಲ್ಲಿ, "ಗಾಡಿ ಭಾಳ ಚೊಲೋ ಐತ್ರೀ ಸಾವಕಾರ್ರ, ಒಂದ ಕಿಕ್ಕಿಗೆ ಚಾಲೂ ಆಗ್ತದ" ಎಂದರಂತೆ. ಅವರು ಸುಳ್ಳು ಹೇಳಿರಲಿಲ್ಲ. ಬೈಕು ಒಂದೇ ಕಿಕ್ಕಿಗೆ ಹತ್ತಿತು. ಆದರೆ ಹಿಂದೆ ಒಂದು ಮೂಟೆ ಹೇರಿ ಸದಸ್ಯರ ಮನೆಯ ಏರು ಹತ್ತಿಸಿದಾಗ ಅರ್ಧ ದಾರಿಯಲ್ಲೇ ಉಸಿರು ಬಿಟ್ಟಿತು, ಹಿಂದೆ ನೀಲಿ ಹೊಗೆ. ಬಿಚ್ಚಿ ನೋಡಿದರೆ ಏರ್ ಫಿಲ್ಟರಿನ ತುಂಬ ಎರೆಭೂಮಿಯ ನುಣುಪಾದ ಧೂಳು. ಪಿಸ್ಟನ್ ರಿಂಗು, ಬೋರು ಎರಡೂ ಸವೆದಿದ್ದವು. ಕೊಟ್ಟ ಹಣದ ಕಾಲು ಭಾಗ ಮತ್ತೆ ಮೆಕ್ಯಾನಿಕ್ಕರಿಗೆ ಹೋಯಿತು. ಆ ಬಯಲಿನ ಸಮತಟ್ಟು ರಸ್ತೆಯಲ್ಲಿ ಇಂಥ ಎಂಜಿನ್ನು ಇನ್ನೂ ಎರಡು ವರ್ಷ ಯಾರಿಗೂ ತಿಳಿಯದಂತೆ ಓಡುತ್ತಿತ್ತು. ನಮ್ಮ ಏರು ಅದರ ಗುಟ್ಟನ್ನು ಒಂದೇ ದಿನದಲ್ಲಿ ಹೊರಗೆ ಹಾಕಿತು.

ಈಗ ಎಂಜಿನ್ನಿನ ಕಾಲದ ಮಾತು. ನಮ್ಮ ಹಿರಿಯ ಸದಸ್ಯರಿಗೆ ಬೈಕೆಂದರೆ ಇಂದಿಗೂ ಮೈಸೂರಿನ ಜಾವಾ, ಯೆಜ್ಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಈ 250 ಸಿ.ಸಿ.ಯ ಟೂ ಸ್ಟ್ರೋಕ್ ಬೈಕುಗಳು 1996ರಲ್ಲಿ ಕಾರ್ಖಾನೆ ನಿಲ್ಲುವವರೆಗೆ ಮಲೆನಾಡಿನ ಎಷ್ಟೋ ಮನೆಗಳ ಹೊರೆ ಹೊತ್ತಿವೆ. ವಾಲ್ವು ಇಲ್ಲ, ಕ್ಯಾಮ್ ಚೈನು ಇಲ್ಲ. ಒಂದು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು ಇದ್ದರೆ ಅರ್ಧ ರಿಪೇರಿ ಅಂಗಳದಲ್ಲೇ ಮುಗಿಯುತ್ತಿತ್ತು. ಈ ಸರಳತೆಯನ್ನು ನಾವೂ ಮೆಚ್ಚುತ್ತೇವೆ.

ಆದರೂ ಇಂದು ದಿನಬಳಕೆಗೆ ಅದನ್ನು ಕೊಳ್ಳಿರೆಂದು ಹೇಳಲು ನಮಗೆ ಮನಸ್ಸಿಲ್ಲ. ಮೊದಲ ಕಾರಣ ಇಳಿಜಾರು. ಟೂ ಸ್ಟ್ರೋಕ್ ಎಂಜಿನ್ನು ಇಳಿಯುವಾಗ ಬೈಕನ್ನು ಹಿಡಿದು ನಿಲ್ಲಿಸುವುದು ಬಹಳ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಅಲ್ಲದೆ ಪೆಟ್ರೋಲಿಗೇ ಎಣ್ಣೆ ಬೆರೆಸುವ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಲ್ಲುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿಯಲ್ಲಿ ಬಹಳ ಹೊತ್ತು ಹಾಗೆಯೇ ಇಳಿದರೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಎಂಜಿನ್ನನ್ನು ಒಮ್ಮೆ ರೈಸ್ ಮಾಡುವುದನ್ನು ಹಳಬರು ಬಲ್ಲರು, ಅವರ ಮಕ್ಕಳಿಗೆ ತಿಳಿದಿಲ್ಲ. 1985ರಲ್ಲಿ ಬಂದ ಯಮಹಾ ಆರ್.ಎಕ್ಸ್. 100ರಲ್ಲಿ ಎಣ್ಣೆಗೆ ಬೇರೆ ಪಂಪು ಇದ್ದರೂ ಅದೂ ಆಕ್ಸಿಲರೇಟರಿನ ಮಾತು ಕೇಳುವಂಥದ್ದೇ. ಇನ್ನು ಆ ಬೈಕಿಗೆ ಈಗ ಹುಡುಗರು ಕೊಡುತ್ತಿರುವ ಬೆಲೆಯ ಬಗ್ಗೆ ಬರೆಯದಿರುವುದೇ ಲೇಸು.

ಹೆಸರು ನೋಡಿ ಮೋಸಹೋಗುವುದೂ ಉಂಟು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವಷ್ಟೆ. ಅವು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್ನಿನವು. ಮೈಸೂರಿನ ಯೆಜ್ಡಿಗೂ ಅವಕ್ಕೂ ಹೆಸರಿನ ಸಂಬಂಧ ಮಾತ್ರ. ಬುಲೆಟ್ಟಿನ ಕತೆಯೂ ಹೀಗೆಯೇ. ಗೇರ್ ಬಾಕ್ಸು ಬೇರೆಯಾಗಿರುವ ಹಳೆಯ ಕಾಸ್ಟ್ ಐರನ್ ಎಂಜಿನ್ನು, 2009ರ ಸುಮಾರಿಗೆ ಬಂದ ಗೇರ್ ಬಾಕ್ಸು ಸೇರಿಕೊಂಡ ಎಂಜಿನ್ನು, 2020ರ ನಂತರದ 349 ಸಿ.ಸಿ.ಯ ಎಂಜಿನ್ನು, ಇವು ಮೂರೂ ಬೇರೆ ಬೇರೆ. ಒಂದರ ಸಾಮಾನು ಇನ್ನೊಂದಕ್ಕೆ ಆಗುವುದಿಲ್ಲ. "ಬುಲೆಟ್ಟು ತಗೊಂಡೆ" ಎಂದವರನ್ನು ಯಾವ ಬುಲೆಟ್ಟು ಎಂದು ನಾವು ಕೇಳಬೇಕಾದ ಕಾಲವಿದು.

ನಮ್ಮ ಒಲವು ನಡುವಿನ ತಲೆಮಾರಿನ ಕಡೆಗೆ. 1985ರ ಹೀರೋ ಹೋಂಡಾ ಸಿ.ಡಿ. 100ರಲ್ಲಿ ಬಂದ, 1994ರ ಸ್ಪ್ಲೆಂಡರಿನಲ್ಲಿ ಮುಂದುವರಿದ 97 ಸಿ.ಸಿ.ಯ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್ನು ಹಾಗೂ ಅದೇ ಬಗೆಯ ಇತರ ಕಂಪೆನಿಗಳ ಕಾರ್ಬ್ಯುರೇಟರ್ ಎಂಜಿನ್ನುಗಳು ಸಣ್ಣ ಬೆಳೆಗಾರರ ಕೈಗೆ ಹಿಡಿಸುವಂಥವು. ಎಣ್ಣೆ ಎಂಜಿನ್ನಿನ ತಳದಲ್ಲಿ ಬೇರೆಯಾಗಿಯೇ ಇರುತ್ತದೆ. ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಬೈಕನ್ನು ತಡೆಯುತ್ತದೆ. ಬ್ಯಾಟರಿ ಸೋತರೂ ಇವುಗಳಲ್ಲಿ ಹೆಚ್ಚಿನವು ಕಿಕ್ಕಿಗೆ ಹತ್ತುತ್ತವೆ, ಸಾಮಾನು ಹೋಬಳಿಯ ಅಂಗಡಿಯಲ್ಲೂ ಸಿಗುತ್ತದೆ. ಶಕ್ತಿ ಕಡಿಮೆ ಎಂಬುದು ನಿಜ. ಎರಡು ಮೂಟೆ ಹೇರುವವರು ಒಂದನ್ನು ಇಳಿಸಿ ಎರಡು ಸಲ ಹೋಗಬೇಕಾದೀತು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಇವನ್ನು ಹಳಿಯುವವರ ಜೊತೆ ನಾವಿಲ್ಲ. ಪುಷ್ಯದ ಚಳಿಯ ಬೆಳಗಿನಲ್ಲಿ ಚೋಕ್ ಎಳೆಯದೆ ಹತ್ತುವ ಬೈಕು ಯಾರಿಗೆ ಬೇಡ? ಆದರೆ ಸೆನ್ಸರ್ ಕೆಟ್ಟರೆ ಅಥವಾ ಶೆಡ್ಡಿನಲ್ಲಿ ಇಲಿ ವೈರು ಕಡಿದರೆ ಅದಕ್ಕೆ ತಕ್ಕ ಉಪಕರಣವಿರುವ ಕೇಂದ್ರಕ್ಕೇ ಹೋಗಬೇಕು. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದರೂ ಹತ್ತುವುದು ಕಷ್ಟ. ಕೆಲವಕ್ಕೆ ಕಿಕ್ಕೇ ಇಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಮಳೆ ಎರಡೇ ದಿನ ಬಿಡುವು ಕೊಟ್ಟಿದೆ, ಮೈಲುತುತ್ತು ಪೇಟೆಯಲ್ಲಿದೆ, ಬೈಕು ಅಂಗಳದಲ್ಲಿ ಸತ್ತು ನಿಂತಿದೆ ಎಂದರೆ ನಷ್ಟ ಬೈಕಿನದ್ದಲ್ಲ, ಫಸಲಿನದ್ದು. ಸರ್ವೀಸ್ ಕೇಂದ್ರ ಹತ್ತಿರವಿರುವವರು ಧೈರ್ಯವಾಗಿ ಹೊಸ ಎಂಜಿನ್ನು ಕೊಳ್ಳಲಿ, ದೂರವಿರುವವರು ಯೋಚಿಸಲಿ.

ಹಳೆಯ ಎಂಜಿನ್ನಿಗೆ ಈಗ ಇನ್ನೊಂದು ಪರೀಕ್ಷೆ ಎದುರಾಗಿದೆ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಇಂಡಿ, ಸಿಂದಗಿ ಕಡೆಯಂಥ ಸೀಮೆಯ ಕಬ್ಬಿಗೆ ಅದರಿಂದ ಒಂದು ದಾರಿಯಾಗಿದೆ, ಸಂತೋಷ. ಆದರೆ ಎಥನಾಲು ನೀರನ್ನು ಹೀರುವ ಪದಾರ್ಥ. ನಮ್ಮ ಆಷಾಢದ ಮಳೆಯಲ್ಲಿ ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿನಲ್ಲಿ ನೀರು ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳು ಬೇಗ ಹಾಳಾಗುತ್ತವೆ. 2023ರ ಏಪ್ರಿಲ್ ನಂತರ ತಯಾರಾದ ಬೈಕುಗಳಲ್ಲಿ ಇದಕ್ಕೆ ಹೊಂದುವ ಭಾಗಗಳನ್ನು ಹಾಕಿದ್ದಾರೆ. ಹಿಂದಿನವನ್ನು ಕೊಂಡವರು ಪೆಟ್ರೋಲ್ ಪೈಪನ್ನು ಬದಲಿಸಿಕೊಳ್ಳಲಿ. ಬಹಳ ದಿನ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರನ್ನು ಖಾಲಿ ಮಾಡಲಿ.

ನೋಡಲು ಹೋಗುವ ದಿನ, ತಾವು ಬರುವ ಮುಂಚೆ ಬೈಕನ್ನು ಚಾಲೂ ಮಾಡಬಾರದೆಂದು ಮಾರುವವರಿಗೆ ಹೇಳಿಡಿ. ಬಿಸಿ ಎಂಜಿನ್ನು ಹಲವು ದೋಷಗಳನ್ನು ಮುಚ್ಚುತ್ತದೆ. ಫೋರ್ ಸ್ಟ್ರೋಕಿನಲ್ಲಿ ನೀಲಿ ಹೊಗೆ ಬಂದರೆ ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ ಎಂದು ತಿಳಿಯಿರಿ. ಟೂ ಸ್ಟ್ರೋಕಿನಲ್ಲಿ ಒಂದಿಷ್ಟು ಹೊಗೆ ಸಹಜ. ಎಂಜಿನ್ನಿನ ಎಣ್ಣೆ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಹೊಕ್ಕಿದೆ. ಇಂಜೆಕ್ಷನ್ ಬೈಕಾದರೆ ಕೀ ತಿರುಗಿಸಿದಾಗ ಎಂಜಿನ್ ದೀಪ ಹತ್ತಿ, ಚಾಲೂ ಆದ ಮೇಲೆ ಆರಬೇಕು. ಹತ್ತದೇ ಇದ್ದರೆ ಯಾರೋ ಅದನ್ನು ಕಿತ್ತಿರಬಹುದು. ಏರ್ ಫಿಲ್ಟರಿನ ಮುಚ್ಚಳವನ್ನು ಬಿಚ್ಚಿಸಿಯೇ ನೋಡಿ. ಕೊನೆಗೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರೊಂದನ್ನು ಹತ್ತಿಸದೆ ಮುಂಗಡ ಕೊಡಬೇಡಿ.

ಕಾಗದದ ವಿಷಯದಲ್ಲಿ ನಮ್ಮವರ ಉದಾಸೀನ ಹೇಳತೀರದು. 29 ಮತ್ತು 30ನೇ ನಮೂನೆಗಳಿಗೆ ಮಾರುವವರ ಸಹಿ, ಸಾಲವಿದ್ದಿದ್ದರೆ ಅದು ತೀರಿದ ಪತ್ರ, ಆರ್.ಸಿ. ಪುಸ್ತಕಕ್ಕೂ ಬೈಕಿಗೂ ಹೊಂದುವ ಎಂಜಿನ್ ಮತ್ತು ಚಾಸಿ ನಂಬರು, ಇವಿಷ್ಟು ಬೇಕು. ನೋಂದಣಿಗೆ 15 ವರ್ಷ ತುಂಬಿದ್ದರೆ ನವೀಕರಣ ಆಗಿದೆಯೇ ನೋಡಿ. ದೇವಣಗಾಂವದ ಬೈಕು ಕೊಂಡ ನಮ್ಮ ಸದಸ್ಯರು ಬೋರು ಮಾಡಿಸಿ ಈಗ ಸುಖವಾಗಿ ಓಡಿಸುತ್ತಿದ್ದಾರೆ, ಆದರೆ ಆರ್.ಸಿ. ಇನ್ನೂ ಭೀಮಾ ತೀರದವರ ಹೆಸರಿನಲ್ಲೇ ಇದೆ. ನಾಳೆ ದಾರಿಯಲ್ಲಿ ಏನಾದರೂ ಆದರೆ ಆ ಬಡ ಮನುಷ್ಯರಿಗೆ ನೋಟೀಸು ಹೋಗುತ್ತದೆ ಎಂದು ಅವರಿಗೆ ಎರಡು ಸಲ ಹೇಳಿದ್ದೇವೆ, ಈ ಪತ್ರಿಕೆಯ ಮೂಲಕ ಮೂರನೆಯ ಸಲ ಹೇಳುತ್ತಿದ್ದೇವೆ.